ಅಕ್ಕನ ರೆಕಾರ್ಡ್ ಪ್ಲೇಯರಿಗೆ ನಾನು ಬಿಟ್ಟ ಎಣ್ಣೆ

ನಾನು ಹುಮನಾಬಾದಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಆರನೆಯ ಇಯತ್ತೆಗೇ ಶಾಲೆ ಬಿಟ್ಟೆ. ಹೊಲಿಗೆ ಯಂತ್ರದಲ್ಲಿ ಅಲುಗಾಡುವುದಕ್ಕೆಲ್ಲ ಎಣ್ಣೆ ಬೇಕು. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಅದನ್ನೇ ನಂಬಿಕೊಂಡು ಅಕ್ಕನ ರೆಕಾರ್ಡ್ ಪ್ಲೇಯರಿಗೂ ಕೈಹಾಕಿದೆ.

ಅಕ್ಕನನ್ನು ಕೊಟ್ಟದ್ದು ಬಸವಕಲ್ಯಾಣಕ್ಕೆ. ಭಾವನದು ಹಿಟ್ಟಿನ ಗಿರಣಿ. ಅದರ ಬೆಲ್ಟಿಗೆ ಸಿಕ್ಕು ಅಕ್ಕನ ಬಲಗೈ ಬೆರಳುಗಳು ಸೆಟೆದುಹೋದವು. ಎಡಗೈಯಿಂದ ಸೂಜಿ ಇಡಲು ಹೋದರೆ ಜಾರಿ ವಚನಗಾಯನದ ತಟ್ಟೆಗೆ ಗೀರು ಬೀಳುತ್ತಿತ್ತು. ಅದಕ್ಕೇ ಭಾವ ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಿಂದ ಆಟೋಮ್ಯಾಟಿಕ್ ಯಂತ್ರ ತಂದುಕೊಟ್ಟ. ಗುಂಡಿಯನ್ನು ಮೊಣಕೈಯಿಂದ ಒತ್ತಿದರೆ ಸಾಕು, ಸೂಜಿಯ ಕೈ ತಾನೇ ಎದ್ದು ಬಂದು ತಟ್ಟೆಯ ಮೇಲೆ ಕೂರುತ್ತಿತ್ತು. ವಚನಗಳು ಮುಗಿದ ಮೇಲೆ ತಾನೇ ಮರಳುತ್ತಿತ್ತು.

“ತಲಿ ಬಾಚ್ಕೊಳ್ಳಾಕೂ ಮಂದಿ ಕರೀತೀನಿ. ಇದೊಂದಕ್ಕ ಯಾರನೂ ಕರಿಯೂದು ಬ್ಯಾಡ ನೋಡು,” ಎನ್ನುತ್ತಿದ್ದಳು ಅಕ್ಕ.

ತೊಂಬತ್ತರ ದಶಕದ ಕೊನೆಯಲ್ಲಿ ತಟ್ಟೆ ನಿಧಾನವಾಗಿ, ಹಾಡು ಎಳೆಯತೊಡಗಿತು. ಒಂದು ಭಾನುವಾರ ಹೋಗಿ ಬಿಚ್ಚಿದೆ. ಒಳಗಿನ ರಬ್ಬರ್ ಗಾಲಿ ಒರೆಸಿದೆ, ಸರಿಹೋಯಿತು. ಅಲ್ಲಿಗೇ ಮುಚ್ಚಬೇಕಿತ್ತು. ಮುಚ್ಚಳದೊಳಗೆ ಇಂಗ್ಲಿಷಿನ ಒಂದು ಕಾಗದ ಇತ್ತು. ಅಕ್ಕ ಹತ್ತನೆಯ ಇಯತ್ತೆ ಪಾಸಾದವಳು, ಕೈ ಚಾಚಿದಳು.

“ಕೊಡು, ಏನ್ ಬರದಾರ ನೋಡ್ತೀನಿ.”

“ಇದು ಮಿಸ್ತ್ರಿ ಮಂದಿ ಓದೂದು ಅಕ್ಕಾ, ನಿನಗ ತಿಳಿಯಾಂಗಿಲ್ಲ,” ಎಂದೆ. ಓದಿದವನ ಹಾಗೆ ತಲೆಯಾಡಿಸಿದೆ. ನನಗೆ ಒಂದಕ್ಷರವೂ ಹತ್ತಲಿಲ್ಲ. ಚಿತ್ರದಲ್ಲಿ ಬಾಣದ ಗುರುತು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಎಣ್ಣೆ ಬಿಟ್ಟು, ಕಾಗದ ಜೇಬಿಗೆ ಹಾಕಿಕೊಂಡೆ.

ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಗಿರಣಿಯ ಹಿಟ್ಟಿನ ಧೂಳು ಎಣ್ಣೆಗೆ ಅಂಟಿ ಮೇಣದಂತಾಯಿತು. ಸೂಜಿ ಕೂರುವುದು, ಒಂದು ವಚನ ಅರ್ಧ ಆಗುವಷ್ಟರಲ್ಲಿ ಎದ್ದು ಮನೆಗೆ ಹೋಗುವುದು. ಮತ್ತೆ ಒತ್ತಿದರೆ ಮತ್ತೆ ಅದೇ. ಒಂದು ದಿನ ಹನ್ನೊಂದು ಸಲ ಒತ್ತಿ, ಹನ್ನೊಂದು ಸಲವೂ ಅದರ ತಾಯಿಯನ್ನು ಬೈದೆ. ಕೊನೆಗೆ ಸಿಟ್ಟಿನಿಂದ, ಸೂಜಿಯ ಕೈಯನ್ನು ಎತ್ತಿ ಇಳಿಸುವ ಒಳಗಿನ ಲಿವರನ್ನು ದಾರದಿಂದ ಕಟ್ಟಿಬಿಟ್ಟೆ. ಈಗ ಸೂಜಿ ಓಡಿಹೋಗುತ್ತಿರಲಿಲ್ಲ, ತಾನಾಗಿ ಬರುತ್ತಲೂ ಇರಲಿಲ್ಲ.

“ಪಾರ್ಟ್ ಹೋಗ್ಯಾದ. ಹೈದರಾಬಾದಿನಾಗ ಸಿಗಬೇಕು,” ಎಂದೆ.

ಅಕ್ಕ ಆರು ವರ್ಷ ಕಾದಳು. ಹಾಡು ಕೇಳಬೇಕೆಂದರೆ ಸೂಜಿ ಇಡಲು ಪಕ್ಕದ ಮನೆಯಾಕೆಯನ್ನು ಕರೆಯಬೇಕು. “ತಡೀರಿ ಅಕ್ಕೋರೆ, ರೊಟ್ಟಿ ಬಡಿಯಾಕತ್ತೀನಿ!” ಎಂದು ಗೋಡೆಯಾಚೆಯಿಂದ ಉತ್ತರ. ಆಕೆ ಬರುವಷ್ಟರಲ್ಲಿ ಅಕ್ಕನಿಗೆ ಹಾಡು ಬೇಡವಾಗಿರುತ್ತಿತ್ತು. ಹೈದರಾಬಾದಿಗೆ ಹೊರಟವರಿಗೆಲ್ಲ ಪಾರ್ಟ್ ತರಲು ಹೇಳುತ್ತಿದ್ದಳು. ಅವರು ದಾರಿಯಲ್ಲಿ ನನ್ನ ಅಂಗಡಿಗೆ ಬಂದು ಅದರ ಹೆಸರು ಕೇಳಿದರೆ ನಾನು ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳಿ ಕಳಿಸುತ್ತಿದ್ದೆ.

ಮುಂದೆ ಒಂದು ಮದುವೆಗೆಂದು ಅಕ್ಕ ಹುಮನಾಬಾದಿಗೆ ಬಂದವಳು ನನ್ನ ಅಂಗಡಿಗೂ ಬಂದಳು. ಸೂಜಿ ಡಬ್ಬಿಯ ತಳಕ್ಕೆ ಹಾಸಿದ್ದ ಆ ಕಾಗದ ಕಂಡಿತು. ಮೂಗಿಗೆ ಚಾಳೀಸು ಏರಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದಳು.

“ಡು... ನಾಟ್... ಆಯಿಲ್. ಇಲ್ಲಿ ಎಣ್ಣಿ ಹಾಕಬ್ಯಾಡ ಅಂತ ಬರದಾರ. ನೀ ಹಾಕಿದ್ದೇನೋ ತಮ್ಮಾ?”

“ನಾ ಯಾಕ ಹಾಕಲಿ? ಓದೇ ಮಾಡೀನಿ,” ಎಂದೆ.

ಮುಂದಿನ ಭಾನುವಾರವೇ ಪೆಟ್ರೋಲ್ ಬಾಟಲಿ ಹಿಡಿದು ಬಸವಕಲ್ಯಾಣದ ಬಸ್ಸು ಹತ್ತಿದೆ. ದಾರ ಕತ್ತರಿಸಿದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಲಿವರನ್ನು ತಿಕ್ಕಿ, ಒರೆಸಿ, ಒಣಗಿಸಿದೆ. ಅರ್ಧ ತಾಸಿನ ಕೆಲಸ. ಅದಕ್ಕೆ ಆರು ವರ್ಷ!

ಅಕ್ಕ ಮೊಣಕೈಯಿಂದ ಒತ್ತಿದಳು. ಸೂಜಿ ಬಂತು, ಕೂತಿತು. ಕೊನೆಯ ವಚನದವರೆಗೂ ಅವಳು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದು ತಾನೇ ಎದ್ದು ಹೋಗಿ ತನ್ನ ಜಾಗದಲ್ಲಿ ಕೂತ ಮೇಲೆ ಕೇಳಿದಳು:

“ಪಾರ್ಟ್ ಸಿಕ್ತೇನು?”

“ಸಿಕ್ತಕ್ಕಾ.”

“ಪಾರ್ಟಿಗೆ ಪೆಟ್ರೋಲಿನ ವಾಸನಿ ಇರ್ತದೇನೋ?”

ನಾನು ತಲೆ ತಗ್ಗಿಸಿ ಚೀಲ ಕಟ್ಟತೊಡಗಿದೆ. ಅಕ್ಕ ಹೊಸ್ತಿಲವರೆಗೆ ಬಂದು, “ನಿನ್ನ ಎಣ್ಣಿ ಡಬ್ಬಿ ಚೀಲದಾಗ ಇಟಗೊಂಡಿ ಇಲ್ಲೋ? ಇಲ್ಲಿ ಬಿಟ್ಟು ಹೋಗಬ್ಯಾಡಪ್ಪಾ,” ಎಂದಳು.

ಓದಲು ಬಾರದೆ ನಾನೇ ಎಣ್ಣೆ ಹಾಕಿದ್ದೆ ಎಂಬ ಒಂದು ಮಾತು ಆಗಲೂ ನನ್ನ ಬಾಯಿಂದ ಬರಲಿಲ್ಲ. ಓಣಿಯ ತಿರುವಿನಲ್ಲಿದ್ದಾಗ ಹಿಂದೆ ಹಾಡು ಮತ್ತೆ ಶುರುವಾಯಿತು. ಅಕ್ಕ ಯಾರನ್ನೂ ಕರೆದದ್ದು ಕೇಳಿಸಲಿಲ್ಲ.