ಶಟರ್ ಕೆಳಗಿನ ಒಂದು ಗೇಣು

ನಿನ್ನೆ ರಬಾಳೆಯ ಸಿಗ್ನಲ್ಲಿನಲ್ಲಿ ನನ್ನ ಮುಂದೆ ಒಂದು ಹಳೆಯ ಪಿಕಪ್ ನಿಂತಿತ್ತು. ಅದರ ಹೊಗೆಯಲ್ಲಿ ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ, ಕಣ್ಣಿಗೆ ಚುಚ್ಚುವಂಥದ್ದು. ಸಿಗ್ನಲ್ ಹಸಿರಾದರೂ ನನ್ನ ಕಾಲು ಕ್ಲಚ್ಚಿನಿಂದ ಏಳಲಿಲ್ಲ. ಹಿಂದಿನವರು ಹಾರ್ನ್ ಹೊಡೆದು, ಬೈದು ಹೋದರು. ಆರು ವರ್ಷಗಳ ಹಿಂದೆ ನನ್ನ ಗಾಡಿಯೂ ಇದೇ ವಾಸನೆ ಬಿಡುತ್ತಿತ್ತು. ಅದನ್ನು ಮೊದಲು ಹಿಡಿದವರು ಮಿಸ್ತ್ರಿ ಕಾಕಾ.

ಅವರು ವಿಜಯಪುರದ ಕಡೆಯವರು. ರಬಾಳೆಯ ಕಾರ್ಖಾನೆಗಳ ಹಿಂದೆ ಒಂದೇ ಗಾಡಿ ಹಿಡಿಸುವ ಗ್ಯಾರೇಜು ಇಟ್ಟುಕೊಂಡಿದ್ದರು. ನಾನೂ ಆ ಕಡೆಯಿಂದಲೇ ವಲಸೆ ಬಂದವಳು; ಕಲ್ಯಾಣದಲ್ಲಿ ಕಡಕ್ ರೊಟ್ಟಿ ಮಾಡಿಸಿ, ನಮ್ಮ ಕಡೆಯ ಕೂಲಿಯವರು ಉಣ್ಣುವ ಅಲ್ಲಿನ ಖಾನಾವಳಿಗಳಿಗೆ ನಾನೇ ಗಾಡಿ ಓಡಿಸಿಕೊಂಡು ಹೋಗಿ ಕೊಡುತ್ತಿದ್ದೆ. ಹೆಂಗಸು ಪಿಕಪ್ ಓಡಿಸುವುದನ್ನು ನೋಡಿ ನಗದವರು ಆ ಓಣಿಯಲ್ಲಿ ಅವರೊಬ್ಬರೇ. ಸೈಲೆನ್ಸರ್ ಮುಂದೆ ಅಂಗೈ ಹಿಡಿದು, ಆ ಕೈಯನ್ನು ಮೂಸಿ ಗಾಡಿಯ ಕಾಯಿಲೆ ಹೇಳುತ್ತಿದ್ದರು.

ಆ ಮಳೆಗಾಲದ ಆರಂಭದಲ್ಲಿ ಮೀಟರಿನ ಪಕ್ಕ ಇಂಜಿನ್ ಗುರುತಿನ ಕಿತ್ತಳೆ ದೀಪ ಹತ್ತಿತು. ಎರಡು ದಿನ ನೋಡಿ ತಲೆ ಕೆಟ್ಟು, ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿಬಿಟ್ಟೆ. ಕಾಣದಿದ್ದರೆ ಇಲ್ಲವೆಂದೇ ನನ್ನ ಲೆಕ್ಕ. ಕಾಕಾ ಅದನ್ನು ಉಗುರಿನಿಂದ ಎಬ್ಬಿಸಿ ನನ್ನ ಕೈಗಿಟ್ಟರು.

“ಹಣಿಗೆ ಹಚ್ಚೂದು ದೀಪಕ್ಕ ಹಚ್ಚೀಯಲ್ಲ ತಂಗಿ. ಗಾಡಿ ಮೂಗು ಸತ್ತೈತಿ.”

ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ಇಂಜಿನ್ನಿಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ಕೆಟ್ಟಿತ್ತು. ಅದರ ಸುಳ್ಳು ನಂಬಿ ಇಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿದು ವಿಷ ಕಾರುತ್ತಿತ್ತಂತೆ. ಹೊಸದರ ಬೆಲೆ ಕೇಳಿ, ಮೂಗಿಗಿಂತ ಮೂಗುತಿ ಭಾರ ಎಂದು ನಕ್ಕೆ. ಪಂಚಮಿ ಮುಗಿಯಲಿ ನೋಡೋಣ ಎಂದು ಹೊರಟೆ. ದಾರಿಯಲ್ಲಿ ಟಿಕಳಿಯನ್ನು ಮತ್ತೆ ದೀಪದ ಮೇಲೆಯೇ ಅಂಟಿಸಿದೆ.

ರೊಟ್ಟಿ ಪಂಚಮಿಗೆ ನಮ್ಮ ಕಡೆಯವರು ಮನೆಮನೆಗೆ ರೊಟ್ಟಿ ಹಂಚುತ್ತಾರೆ. ಇಲ್ಲಿ ಬಡಿಯಲು ಯಾರಿಗೂ ಪುರುಸೊತ್ತಿಲ್ಲ, ಎಲ್ಲರೂ ನನ್ನಿಂದಲೇ ಕೊಳ್ಳುತ್ತಿದ್ದರು. ಹಬ್ಬದ ಹಿಂದಿನ ದಿನ ಗಾಡಿ ತುಂಬ ರೊಟ್ಟಿ, ಮೇಲೆ ಹುಚ್ಚು ಮಳೆ. ಗಾಡಿ ಕೆಮ್ಮುತ್ತ ಬಂದು ಕಾಕಾನ ಗ್ಯಾರೇಜಿನೊಳಗೆ ನಿಂತಿತು. ನಾನು ಹೇಳದಿದ್ದರೂ ಅವರು ಹೊಸ ಸೆನ್ಸರ್ ತರಿಸಿಟ್ಟಿದ್ದರು. ಹಳೆಯದು ತುಕ್ಕು ಹಿಡಿದು ಕೂತಿದೆ, ಪೈಪು ಕಾಯ್ದರೆ ಮಾತ್ರ ತಿರುಗೀತು, ಸ್ವಲ್ಪ ಹೊತ್ತು ಇಂಜಿನ್ ಚಾಲೂ ಇಡಬೇಕು ಎಂದರು. ಎರಚಲು ಒಳಗೆ ಹೊಡೆಯುತ್ತಿತ್ತು. ಕಡಕ್ ರೊಟ್ಟಿಗೆ ತೇವ ತಗಲಿದರೆ ಕಥೆ ಮುಗಿದಂತೆ. ನಾನು ಶಟರ್ ಎಳೆಯಲು ಹೋದೆ.

“ಪೂರಾ ಎಳೀಬ್ಯಾಡ,” ಎಂದರು ಗಾಡಿಯ ಕೆಳಗಿನಿಂದ. “ಒಂದ್ ಗೇಣು ಬಿಡು.”

ಬಿಟ್ಟೆ. ಎರಡು ಗಂಟು ರೊಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ಓಣಿಯ ಖಾನಾವಳಿಗೆ ಕೊಡಲೆಂದು ಹೊರಗೆ ಬಂದು, ಶಟರನ್ನು ಮತ್ತೆ ಗೇಣಿಗೆ ಇಳಿಸಿ ಗಂಟು ಎತ್ತಿಕೊಂಡು ನೋಡಿದರೆ, ರಸ್ತೆಯ ನೀರು ಆ ಸಂದಿಯಿಂದ ಒಳಗೆ ಚಿಮ್ಮುತ್ತಿತ್ತು. ಕೈಯಲ್ಲಿ ಗಂಟುಗಳಿದ್ದವು, ಕಾಲಿನಿಂದಲೇ ಒತ್ತಿದೆ. ಶಟರ್ ನೆಲ ಮುಟ್ಟಿತು... ಆ ಸದ್ದು ಇನ್ನೂ ಕಿವಿಯಲ್ಲಿದೆ. ಇಂಜಿನ್ನಿನ ಗದ್ದಲದಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ.

ಐದು ನಿಮಿಷದಲ್ಲಿ ಬರುವವಳಿದ್ದೆ. ಖಾನಾವಳಿಯಾಕೆ ಚಹಾ ಕೊಟ್ಟಳು, ಕುಡಿದೆ. ಮಳೆ ಜೋರಾಯಿತೆಂದು ಇನ್ನೊಂದು ಕಪ್ಪೂ ಕುಡಿದೆ.

ಮರಳಿದಾಗ ಇಂಜಿನ್ ಇನ್ನೂ ಓಡುತ್ತಿತ್ತು. ಕಾಕಾ ಎಂದು ಕೂಗಿದೆ. ಶಟರ್ ಎತ್ತಿದ ಕೂಡಲೇ ಅದೇ ವಾಸನೆ ಮುಖಕ್ಕೆ ಹೊಡೆಯಿತು. ಕಾಕಾ ಟಯರಿಗೆ ಒರಗಿ ಕೂತಿದ್ದರು, ಸೆನ್ಸರ್ ಬಿಚ್ಚುವ ಪಾನಾ ಕೈಯಲ್ಲೇ ಇತ್ತು. ಹೊಸ ಸೆನ್ಸರ್ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಆ ಹೊಗೆಯಲ್ಲಿ ಕೊಲ್ಲುವ ಗಾಳಿಗೆ ವಾಸನೆಯೇ ಇರುವುದಿಲ್ಲವೆಂದು ಆಮೇಲೆ ಡಾಕ್ಟರು ಹೇಳಿದರು. ಜೀವಮಾನವೆಲ್ಲ ಮೂಗನ್ನೇ ನಂಬಿದ್ದ ಮನುಷ್ಯ...

ಮಳೆಗೆ ಅವರೇ ಶಟರ್ ಹಾಕಿಕೊಂಡರೆಂದು ಎಲ್ಲರೂ ತಿಳಿದರು. ನಾನು ತಿದ್ದಲಿಲ್ಲ. ಮರುದಿನ ಊರಿನಿಂದ ಅವರ ಹೆಂಡತಿ ಬಂದರು. ಅತ್ತು ಸಾಕಾದ ಮೇಲೆ ನನ್ನ ಕೈ ಹಿಡಿದುಕೊಂಡರು.

“ಕಡೀಕ ನಿನ್ನ ಜೋಡಿನ ಮಾತಾಡಿದ್ರಂತ. ಏನರ ಅಂದ್ರೇನವ್ವಾ?”

“ಏನೂ ಅನ್ಲಿಲ್ರಿ ಕಾಕೂ,” ಎಂದೆ.

ಆ ಪಿಕಪ್ ಮಾರಿ ವರ್ಷಗಳಾದವು. ನಿನ್ನೆ ಕಲ್ಯಾಣಕ್ಕೆ ಮರಳಿದಾಗ ಇಲ್ಲಿ ಮಳೆ. ಎರಚಲು ಬರುತ್ತದೆಂದು ರೊಟ್ಟಿ ಬಡಿಯುವ ಹೆಂಗಸರು ಕೋಣೆಯ ಬಾಗಿಲು ಮುಚ್ಚಿದ್ದರು. ಒಲೆಗಳು ಉರಿಯುತ್ತಿದ್ದವು. ನಾನು ಹೋಗಿ ಒಂದು ಗೇಣು ತೆರೆದಿಟ್ಟೆ. ಪ್ರತಿ ಮಳೆಗಾಲವೂ ಇದೇ ಜಗಳ, ರೊಟ್ಟಿ ಮೆತ್ತಗಾಗುತ್ತವೆಂದು ಅವರು ಗೊಣಗುತ್ತಾರೆ. ಯಾಕೆಂದು ಕೇಳಿದವರಿಗೆ ನಾನು ಹೇಳಿಲ್ಲ. ಕಾಕಾನ ಕಡೆಯ ಮಾತು ಅವರ ಹೆಂಡತಿಗೆ ಸೇರಬೇಕಾಗಿತ್ತು. ಅದನ್ನು ಇಷ್ಟು ವರ್ಷ ನಾನೇ ಇಟ್ಟುಕೊಂಡಿದ್ದೇನೆ.