ಸರದಿಯ ಮೇಲೆ ಎದ್ದ ಮನೆ

ಅಪ್ಪ ಗಾರೆ ಕೆಲಸದವನು. ಊರಿನವರಿಗೆಲ್ಲ ಮನೆ ಕಟ್ಟಿಕೊಟ್ಟು, ತನ್ನದಕ್ಕೆ ಬರೀ ಪಾಯ ಹಾಕಿ ಕಣ್ಣು ಮುಚ್ಚಿದ. ಮೂವರು ಗಂಡುಮಕ್ಕಳೂ ಒಬ್ಬರ ಹಿಂದೊಬ್ಬರು ಸೈನ್ಯ ಸೇರಿದರು. ದೊಡ್ಡವನು ಲಾರಿ ಓಡಿಸಿದ, ಕೊನೆಯವನು ವೈರ್‌ಲೆಸ್ ಹಿಡಿದ, ನಡುವಿನವನು ಕಾಲಾಳು ಪಡೆಯಲ್ಲಿ ಬಂದೂಕು ಹೊತ್ತು ನಡೆದ. ನಿಂತ ಕಡೆಯಿಂದ ಜಗ್ಗುವವನಲ್ಲವೆಂದು ಮನೆಯಲ್ಲಿ ಅವನಿಗೆ ಚಿಕ್ಕಂದಿನಿಂದಲೂ ಗೂಟ ಎಂದೇ ಹೆಸರು. ಅವನನ್ನು ಕಟ್ಟಿಕೊಂಡವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಬಾಯಿ ತಪ್ಪಿ ಅವಳೂ ಹಾಗೇ ಕರೆದುಬಿಟ್ಟಳು. ಅತ್ತೆ ಬಿದ್ದು ಬಿದ್ದು ನಕ್ಕರು. ಅವನು ತಿರುಗಿ ನೋಡಿ ಹೂಂ ಅಂದ.

ಮೂವರದೂ ಒಂದು ಕಟ್ಟಳೆ. ಒಟ್ಟಿಗೆ ರಜೆ ಹಾಕುವಂತಿಲ್ಲ. ಒಬ್ಬ ಹೋದ ಮೇಲೆ ಇನ್ನೊಬ್ಬ ಬರಬೇಕು, ಆಗ ಅಮ್ಮನಿಗೆ ವರ್ಷದಲ್ಲಿ ಹೆಚ್ಚು ದಿನ ಯಾರಾದರೊಬ್ಬ ಮಗ ಕಣ್ಣೆದುರು ಇರುತ್ತಾನೆ. ಬಂದವನು ಅಪ್ಪನ ಪಾಯದ ಮೇಲೆ ಕೈಲಾದಷ್ಟು ಇಟ್ಟಿಗೆ ಏರಿಸಿ, ಏನೇನು ಬಾಕಿ ಎಂದು ಮುಂದಿನವನಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗಬೇಕು.

ಒಂದು ಸಲ ದೊಡ್ಡವನು ಅಡುಗೆಮನೆಯ ಬಾಗಿಲಿಗೆ ಜಾಗ ಬಿಟ್ಟು, ಹಾಗೆಂದು ಬರೆದು ಹೋಗಿದ್ದ. ಮಳೆ ಬಂದು ಬರಹ ತೊಳೆದುಹೋಯಿತು. ಗೂಟ ಬಂದು ನೋಡಿದರೆ ಗೋಡೆಯ ನಡುವೆ ಆಳೆತ್ತರದ ಖಾಲಿ. ಅಣ್ಣನಿಗೆ ಇಟ್ಟಿಗೆ ಸಾಲದೆ ಹೋಗಿರಬೇಕು ಎಂದುಕೊಂಡು ಎರಡೇ ದಿನದಲ್ಲಿ ನೂಲು ಹಿಡಿದು ಅಚ್ಚುಕಟ್ಟಾಗಿ ಮುಚ್ಚಿದ. ಆಗ ಎಲ್ಲರೂ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದರು, ಬೇಡವೆನ್ನಲು ಯಾರೂ ಇರಲಿಲ್ಲ. ಚಹಾ ತಂದ ಅತ್ತೆ ಗೋಡೆಗೆ ಮೂರು ಸುತ್ತು ಹಾಕಿದರು.

“ಒಳಗೆ ಹೋಗೋದು ಎಲ್ಲಿಂದಲೋ?”

ಅವನು ತಲೆ ಕೆರೆದುಕೊಂಡ. “ಕಿಟಕಿ ದೊಡ್ಡದೇ ಇದೆಯಲ್ಲಮ್ಮ.”

ಒಡೆಯಲು ನಾಲ್ಕು ದಿನ ಹಿಡಿಯಿತು, ಅಷ್ಟು ಗಟ್ಟಿಯಾಗಿ ಕಟ್ಟಿದ್ದ. ಆಮೇಲೆ ಮೂವರೂ ಸೀಮೆಸುಣ್ಣ ಬಿಟ್ಟು ಬಣ್ಣದಲ್ಲಿ ಬರೆದರು.

ಗೂಟನದು ಮಾತು ಕಡಿಮೆ. ರಜೆಯಲ್ಲೂ ಬೆಳಕು ಹರಿಯುವ ಮೊದಲೇ ಎದ್ದು, ಕಂಬಳಿಯನ್ನು ಪೆಟ್ಟಿಗೆಯಂತೆ ಮಡಿಸಿಟ್ಟು, ಗಾರೆ ಕಲಸಲು ಕೂರುತ್ತಿದ್ದ. ನಡೆದೂ ನಡೆದೂ ಅವನ ಅಂಗಾಲು ಒಡೆದಿತ್ತು. ಲಾಂಡ್ರಿಯ ಸೋಡಾಕ್ಕೆ ಅವಳ ಕೈ ಬಿರಿದಿತ್ತು. ಒಂದೇ ಡಬ್ಬಿಯ ಮುಲಾಮು, ಅವಳು ಕೈಗೆ ಹಚ್ಚಿಕೊಂಡಳು, ಅವನು ಕಾಲಿಗೆ. ಅವರ ಸಂಸಾರದ ಸುಖ ಅದೇ.

ಕೆಳಗಿನ ಮನೆ ಮುಗಿದು ಎಲ್ಲರೂ ಒಳಗೆ ಬಂದರು. ಮಹಡಿಯಲ್ಲಿ ಕೊನೆಯವನ ಕೋಣೆಗೆ ಗೋಡೆ ಎದ್ದಿತ್ತು, ತಾರಸಿ ಬಾಕಿ. ಮುಂದಿನ ರಜೆ ಗೂಟನ ಸರದಿ. ಆದರೆ ಕೊನೆಯವನ ಹೆಂಡತಿಗೆ ದಿನ ತುಂಬಿತ್ತು. ಸರದಿ ನನಗೆ ಬಿಟ್ಟುಕೊಡು, ನೀನು ನನ್ನ ಹಿಂದೆ ಬಾ ಎಂದು ಅವನು ಅಣ್ಣನನ್ನು ಕೇಳಿದ. ಅಣ್ಣ ಬಿಟ್ಟುಕೊಟ್ಟ. ತಮ್ಮನ ರಜೆ ಮುಗಿಯುವುದರೊಳಗೆ ಕಾವಲು ಠಾಣೆಯಲ್ಲಿ ಗುಂಡು ತಗುಲಿ ಗೂಟ ಸತ್ತ. ಜೊತೆಯವರೆಲ್ಲ ಹಿಂದೆ ಸರಿಯುವವರೆಗೆ ಜಾಗ ಬಿಟ್ಟು ಕದಲಲಿಲ್ಲವೆಂದು ಅಧಿಕಾರಿ ಬಂದು ಹೇಳಿದರು. ಈ ಮನೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಹೋದ ಕೊನೆಯವನು ಎರಡು ವರ್ಷವಾದರೂ ಬರಲಿಲ್ಲ. ರಜೆ ಸಿಕ್ಕರೂ ಬ್ಯಾರಕ್ಕಿನಲ್ಲೇ ಕೂತ. ಅವನ ಮಗು ಅಪ್ಪನನ್ನು ಫೋನಿನಲ್ಲಷ್ಟೇ ನೋಡಿ ಬೆಳೆಯಿತು. ಕೊನೆಗೆ, ಹೆಂಡತಿ ಮಗುವನ್ನು ತಾನಿರುವಲ್ಲಿಗೇ ಕರೆಸಿಕೊಳ್ಳುತ್ತೇನೆ, ಅಣ್ಣನ ಜೀವ ತಿಂದವನು ಆ ಮನೆಗೆ ಕಾಲಿಡಲಾರೆ ಎಂದು ಹೇಳಿ ಕಳಿಸಿದ. ಅಂದಿನಿಂದ ಅತ್ತೆ ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದರು. ಒಬ್ಬ ಮಗ ಸತ್ತಿದ್ದ, ಇನ್ನೊಬ್ಬ ಬದುಕಿದ್ದೂ ಕೈಬಿಟ್ಟು ಹೋಗುತ್ತಿದ್ದ.

ಅವನನ್ನು ತಡೆಯುವ ಮಾತು ಗೂಟನ ಹೆಂಡತಿಯ ಹತ್ತಿರ ಇತ್ತು. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದಳು. ಆಡಿದರೆ ಅತ್ತೆ ತನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ. ಒಂದು ಭಾನುವಾರ ಮಧ್ಯಾಹ್ನ, ಅತ್ತೆ ಮತ್ತೆ ಊಟ ಬಿಟ್ಟು ಎದ್ದಾಗ, ಅವರನ್ನು ಎದುರಿಗೇ ಕೂರಿಸಿಕೊಂಡು ಮೈದುನನಿಗೆ ಫೋನ್ ಮಾಡಿದಳು.

“ನೀನು ಕೇಳಿದಾಗ ನಿಮ್ಮಣ್ಣ ಒಪ್ಪಿರಲಿಲ್ಲ ಕಣೋ. ನನ್ನ ಸರದಿ ನಾನು ಬಿಡಲ್ಲ ಅಂತ ಕೂತಿದ್ರು. ನಾನೇ ಬೈದೆ. ಅವಳದು ಮೊದಲ ಹೆರಿಗೆ, ಅವನು ಬರಲಿ, ನೀವು ಆಮೇಲೆ ಬನ್ನಿ ಅಂದೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತಿಗೆ?”

“ಹೆದರಿಕೆ. ನೀನು ಹೊತ್ಕೊಂಡಿದ್ದೆ, ನಾನು ನೋಡ್ಕೊಂಡು ಸುಮ್ಮನಿದ್ದೆ. ತಪ್ಪು ನಂದು.”

ಅತ್ತೆ ಫೋನ್ ಕಿತ್ತುಕೊಂಡರು. ಮುಗಿಯಿತು ಎಂದುಕೊಂಡಳು ಸೊಸೆ.

“ಗೂಟನ್ನ ಯಾರಾದ್ರೂ ಅಲ್ಲಾಡಿಸೋಕೆ ಆಗುತ್ತೇನೋ?” ಎಂದರು ಅತ್ತೆ, ಮಗನಿಗೆ. “ನೀನು ಕೇಳಿದೆ, ಇವಳು ಬೈದಳು. ಅವನಿಗೆ ಸರಿ ಅನ್ನಿಸ್ತು, ಕೊಟ್ಟ. ಕೊಟ್ಟಿದ್ದು ಅವನು. ಅದನ್ನೂ ನೀವಿಬ್ರು ಅವನಿಂದ ಕಿತ್ಕೋಬೇಡಿ. ಬಾ.”

ಫೋನಿಟ್ಟು, ತಟ್ಟೆಗೆ ಅನ್ನ ಹಾಕು ಎಂದರು. ಸೊಸೆ ಬಡಿಸಿದಳು. ಅತ್ತೆ ಕಲಸಿಕೊಂಡು ತುತ್ತೆತ್ತಿದರು.

ಫೋನ್ ಮಾಡಿದ ಹನ್ನೆರಡನೆಯ ದಿನ ಕೊನೆಯವನು ಬಂದ. ಸುದ್ದಿ ಕೇಳಿ ದೊಡ್ಡವನೂ ರಜೆ ಹಾಕಿ ಬಂದ. ಕಟ್ಟಳೆ ಮುರಿದದ್ದು ಅದೇ ಮೊದಲು. ಇಬ್ಬರೂ ಮಹಡಿ ಹತ್ತಿ, ತಾರಸಿಯ ನೀರು ಯಾವ ಕಡೆ ಇಳಿಯಬೇಕೆಂದು ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದರು. ಘಾಟಿ ಇಳಿದವನಿಗೆ ಇಳಿಜಾರು ಹೇಳಿಕೊಡಬೇಡ ಎಂದ ದೊಡ್ಡವನು. ಘಾಟಿ ಇಳಿದದ್ದು ಲಾರಿ, ನೀನು ಕೂತಿದ್ದೆ ಅಷ್ಟೇ ಎಂದ ತಮ್ಮ. ಅತ್ತೆ ಕೆಳಗೆ ಕೂತು ಎರಡನೆಯ ಸಲ ಬಡಿಸಿಕೊಂಡರು. ಗೂಟನ ಹೆಂಡತಿ ಲಾಂಡ್ರಿಗೆ ಎರಡು ದಿನ ರಜೆ ಹೇಳಿ ಜಲ್ಲಿ ಹೊತ್ತಳು.

ತಾರಸಿ ಬಿದ್ದಿತು. ದೊಡ್ಡವನು ಹೊರಟುಹೋದ. ತಮ್ಮನೂ ಹೊರಡುವ ದಿನ ಬಂತು, ತಾರಸಿಗೆ ಇನ್ನೂ ಒಂದು ವಾರ ನೀರು ಕುಡಿಸಬೇಕಿತ್ತು. ಅದನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು ಅತ್ತಿಗೆ. ಗಿಲಾವು ಯಾರು ಮಾಡುತ್ತಾರೆ ಎಂದು ಕೇಳಿದಳು.

“ಮುಂದಿನ ರಜೆಗೆ ನಾನೇ ಮಾಡ್ತೀನಿ ಅತ್ತಿಗೆ.”

“ಯಾವ ತಿಂಗಳು?”

ಅವನು ತಿಂಗಳು ಹೇಳಿದ. ಅವಳು ಬಕೆಟ್ ತುಂಬಿಕೊಂಡು ಮಹಡಿ ಹತ್ತಿದಳು.