ಮಸಿಬಟ್ಟೆಯಾದ ಟೀ ಶರ್ಟು

ಹಾಲಿನ ಪಾತ್ರೆ ಇಳಿಸುವಾಗ ಮಸಿಬಟ್ಟೆಯ ತುದಿ ಉರಿಗೆ ತಾಗಿ ಸುಟ್ಟಿತು. ಅರ್ಧ ಹತ್ತಿ, ಅರ್ಧ ನೈಲಾನು. ಅಡುಗೆಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಕೆಲಸದಾಕೆ ಮೂಗಿಗೆ ಸೆರಗು ಹಿಡಿದು, ಇದನ್ನು ಇನ್ನಾದರೂ ಎಸೆಯಬಾರದೇ ಎಂದು ಕೇಳಿದಳು. ಬೇಡ ಎಂದೆ. ನೀರಿಗೆ ಅದ್ದಿ, ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿದೆ. ಜಿಡ್ಡಿನ ನಡುವೆ ಕಿತ್ತಳೆ ಬಣ್ಣದ ಅಕ್ಷರಗಳನ್ನು ಇನ್ನೂ ಓದಬಹುದಿತ್ತು: ಎಲ್ಲರೂ ನಮ್ಮೋರೇ.

ಒಂದು ಕಾಲದಲ್ಲಿ ಅದು ಟೀ ಶರ್ಟು. ಕೊಟ್ಟವನು ನನ್ನ ಹಳೆಯ ಸ್ಟೂಡೆಂಟು. ಈಗ ಬೆಂಗಳೂರಿನ ಸ್ಟೇಜುಗಳ ಮೇಲೆ ನಿಂತು ತನ್ನನ್ನು ‘ಕಮ್ಯುನಿಟಿ ಬಿಲ್ಡರ್’ ಎಂದು ಪರಿಚಯಿಸಿಕೊಳ್ಳುತ್ತಾನೆ. ಗಾರೆ ಕೆಲಸದವರಿಗಾದರೂ ತಾವು ಕಟ್ಟಿದ ಗೋಡೆ ಬಿದ್ದರೆ ನಾಚಿಕೆಯಾಗುತ್ತದೆ.

ನಾನು ಮಂಡ್ಯದ ಒಂದು ಕಾನ್ವೆಂಟಿನಲ್ಲಿ ಓದಿ, ಅಲ್ಲಿಯೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಸಿಸ್ಟರುಗಳು ನನಗೆ ಎರಡು ಸಂಗತಿ ಚೆನ್ನಾಗಿ ಕಲಿಸಿದ್ದರು, ದುಂಡಗಿನ ಹ್ಯಾಂಡ್‌ರೈಟಿಂಗು ಮತ್ತು ರೂಲ್ ಈಸ್ ಎ ರೂಲ್ ಎನ್ನುವುದು. ಎರಡನೆಯದನ್ನು ಅಷ್ಟು ಚೆನ್ನಾಗಿ ಕಲಿಯಬಾರದಿತ್ತು...

ಅವನು ನಿಡಘಟ್ಟದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಆರನೇ ಕ್ಲಾಸಿನಲ್ಲಿ ‘ಮೈ ಬೆಸ್ಟ್ ಫ್ರೆಂಡ್’ ಎಂದು ಕಾಂಪೊಸಿಷನ್ ಕೊಟ್ಟಿದ್ದೆ. ಇವನು ಪಕ್ಕದ ಹುಡುಗನ ನೋಟ್‌ಬುಕ್ಕನ್ನು ಒಂದಕ್ಷರ ಬಿಡದೆ ಇಳಿಸಿದ. ಆ ಪಾಪದ ಹುಡುಗ ಇವನನ್ನೇ ಬೆಸ್ಟ್ ಫ್ರೆಂಡ್ ಎಂದು ಬರೆದಿದ್ದ. ಹಾಗಾಗಿ ಇವನ ನೋಟ್‌ಬುಕ್ಕಿನಲ್ಲಿ ಇವನ ಪ್ರಾಣಸ್ನೇಹಿತ ಇವನೇ! ಸ್ಟಾಫ್ ರೂಮಿನಲ್ಲಿ ವಾರವೆಲ್ಲ ನಕ್ಕೆವು. ಅದು ತಪ್ಪಲ್ಲ, ಅವನ ಸ್ವಭಾವವೇ ಹಾಗೆ ಎಂದು ನನಗೆ ಆಗ ಹೊಳೆಯಲಿಲ್ಲ.

ನಾನು ರಿಟೈರ್ ಆದ ಮೇಲೆ ಒಂದು ದಿನ ಅವನು ತಣ್ಣಗಾದ ಮದ್ದೂರು ವಡೆಯ ಪೊಟ್ಟಣ ಹಿಡಿದು ಮನೆಗೆ ಬಂದ. ಹಿಂದಿನ ಕ್ರಾಸಿನಲ್ಲಿ ಸೈಬರ್ ಸೆಂಟರ್ ಇಟ್ಟಿದ್ದನಂತೆ. ಈಗ ಮಂಡ್ಯ, ಮದ್ದೂರು, ಮಳವಳ್ಳಿಯ ಜನರೆಲ್ಲ ಒಂದೇ ಕಡೆ ಸೇರಿ ಹರಟುವ ವೆಬ್‌ಸೈಟು ಮಾಡುತ್ತಾನಂತೆ. ಅದರ ನಿಯಮಗಳನ್ನೂ ಪಾಲಿಸಿಯನ್ನೂ ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಆಮೇಲೆ ಮಾಡರೇಟರ್ ಆಗಬೇಕು, ಅಂದರೆ ಕ್ಲಾಸ್ ಟೀಚರ್ ಥರ. ನಮ್ಮವರು ಪೇಪರಿನ ಹಿಂದಿನಿಂದಲೇ ನಕ್ಕರು. ನಾನು ಒಪ್ಪಿಕೊಂಡೆ. ಹೊಗಳಿದರೆ ನನಗೂ ಹಿತವಾಗುತ್ತದೆ.

ಬೈಗುಳ ಅಳಿಸುವುದು, ಜಗಳ ಬಿಡಿಸುವುದು, ಇವು ನನಗೆ ಹೊಸದಲ್ಲ. ಹೊಸದು ಒಂದೇ ರೂಲು: ಯಾರೂ ಫೋನ್ ನಂಬರ್ ಹಾಕುವಂತಿಲ್ಲ, ನಿಜವಾದ ಹೆಸರೂ ಹೇಳುವಂತಿಲ್ಲ. ಲೇಡೀಸ್ ಸೇಫ್ಟಿ ಎಂದು ಮೊದಲು ಹೇಳಿದ. ಇನ್ನೊಂದು ದಿನ ಕಾಫಿ ಕುಡಿಯುತ್ತ ತಾನಾಗಿ ಬಾಯಿಬಿಟ್ಟ. ನಂಬರು ಕೊಟ್ಟುಕೊಂಡರೆ ಫೋನಿನಲ್ಲೇ ಮಾತಾಡಿಕೊಳ್ಳುತ್ತಾರೆ, ಆಮೇಲೆ ನಮ್ಮ ಸೈಟಿಗೆ ಯಾರು ಬರುತ್ತಾರೆ ಎಂದು ನಕ್ಕ. ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

ನಮ್ಮವರು ತೀರಿಕೊಂಡರು. ಅವನು ಸೈಟಿನಲ್ಲಿ ಹಾರದ, ದೀಪದ ಚಿತ್ರ ಹಾಕಿದ. ಕೆಳಗೆ ಸಾಲುಸಾಲಾಗಿ ಆರ್‌ಐಪಿ. ಹಿಂದಿನ ಕ್ರಾಸಿನಿಂದ ಎದ್ದು ನಮ್ಮ ಮನೆ ಬಾಗಿಲಿಗೆ ಬರಲು ಅವನಿಗೆ ಐದು ನಿಮಿಷ ಸಾಕಿತ್ತು. ಬರಲಿಲ್ಲ.

ಆ ಸಾಲಿನಲ್ಲಿ ಒಬ್ಬಳು ಮಾತ್ರ ಆರ್‌ಐಪಿ ಬರೆಯಲಿಲ್ಲ. ‘ಉಪ್ಸಾರು’ ಎನ್ನುವ ಹೆಸರಿಟ್ಟುಕೊಂಡಿದ್ದ ಮಳವಳ್ಳಿಯ ಹೆಂಗಸು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದಳು. “ಊಟ ಮಾಡುದ್ರಾ ಮಿಸ್?” ಎಂದು ಕೇಳಿದ್ದಳು, ಅಷ್ಟೇ. ಮಾಡಿರಲಿಲ್ಲ. ಎದ್ದು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದು, ಬಂದು, ಮಾಡಿದೆ ಎಂದು ಬರೆದೆ.

ಅಂದಿನಿಂದ ದಿನಾ. ಏನು ಸಾರು, ಮುದ್ದೆ ಗಂಟಾಯಿತೇ, ಹಿತ್ತಲಿನ ಬಸಳೆ ಹಬ್ಬಿತೇ. ಗಂಡ ರೇಷ್ಮೆ ಹುಳ ಸಾಕುತ್ತಿದ್ದರು ಎಂದು ಗೊತ್ತು, ಅವಳಿಗೆ ಮಂಡಿನೋವು ಎಂದು ಗೊತ್ತು, ನಕ್ಕರೆ ಕೆಮ್ಮು ಬರುತ್ತದೆ ಎಂದು ಗೊತ್ತು. ಹೆಸರು ಕೇಳಬೇಕೆನಿಸಲಿಲ್ಲ... ಕೇಳಿದ್ದರೂ ಆ ಸಾಲನ್ನು ನಾನೇ ಅಳಿಸಬೇಕಾಗುತ್ತಿತ್ತು.

ಸೈಟಿಗೆ ಐದು ವರ್ಷ ತುಂಬಿದಾಗ ಹಳಬರಿಗೆಲ್ಲ ಈ ಟೀ ಶರ್ಟು ಕೊರಿಯರಿನಲ್ಲಿ ಬಂತು. ನಾನು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟೆ. ಅವಳು ಬರೆದಳು: “ನಮ್ಮನೇಲಿ ಮಸಿಬಟ್ಟೆ ಮಾಡ್ಕಂಡೆ ಕಣ್ ಮಿಸ್. ಈಗ್ಲಾದ್ರೂ ಒಂದ್ ಉಪ್ಯೋಗಕ್ಕೆ ಬತ್ತು.” ಅಷ್ಟು ನಕ್ಕಿದ್ದು ನಮ್ಮವರು ಹೋದ ಮೇಲೆ ಅದೇ ಮೊದಲು.

ಒಂದು ಬೆಳಗ್ಗೆ ಅವಳ ಬರಹ ಹೀಗಿತ್ತು: ಗರ್ಭಕೋಶದಲ್ಲಿ ಗಡ್ಡೆಯಂತೆ, ನಾಳಿದ್ದು ಆಪರೇಷನ್ನು, ಯಾಕೋ ಭಯ, ಒಂದ್ಸಲ ಫೋನ್ ಮಾಡಿ ಮಿಸ್. ಕೆಳಗೆ ಅವಳ ನಂಬರು. ನನ್ನ ಕೈ ತಾನಾಗಿ ಹೋಯಿತು. ವರ್ಷಗಳ ಅಭ್ಯಾಸ, ನಂಬರು ಕಂಡರೆ ಅಳಿಸುವುದು. ಅಳಿಸಿ, ಕೆಳಗೆ ಅಂದದ ಇಂಗ್ಲಿಷಿನಲ್ಲಿ ‘ಕೈಂಡ್ಲಿ ಡು ನಾಟ್ ಪೋಸ್ಟ್ ಪರ್ಸನಲ್ ನಂಬರ್ಸ್’ ಎಂದು ಬೇರೆ ಬರೆದೆ. ಬರೆದ ಮೇಲೆ ನಂಬರು ಗುರುತು ಹಾಕಿಕೊಂಡಿಲ್ಲ ಎಂದು ನೆನಪಾಯಿತು. ಒಂಬತ್ತು, ನಾಲ್ಕು... ಆಮೇಲೆ ಏನೋ. ಅವಳು ಬೇಜಾರಿಲ್ಲದೆ ಉತ್ತರ ಕೊಟ್ಟಳು: “ಆಗ್ಲಿ ಮಿಸ್. ಓಗಿ ಬಂದ್ಮೇಲೆ ಮಾತಾಡವ.” ಮತ್ತೆ ನಂಬರು ಕೇಳಲು ಆ ರೂಲೇ ಅಡ್ಡ ಬಂತು.

ಆ ವಾರವೇ ಸೈಟು ಮುಚ್ಚಿತು. ಅವನು ಯಾರಿಗೂ ಒಂದು ಮಾತು ಹೇಳಲಿಲ್ಲ. ತೆರೆದರೆ ಬಿಳಿ ಪರದೆ.

ಅವನ ಆಫೀಸಿಗೆ ಹೋದೆ. ಕುರ್ಚಿಗಳನ್ನು ಗೂಡ್ಸ್ ಆಟೋಗೆ ಹೇರಿಸುತ್ತಿದ್ದ. ಬೆಂಗಳೂರಿನ ಯಾವುದೋ ಕಂಪನಿ ಎಲ್ಲವನ್ನೂ ಕೊಂಡುಕೊಂಡಿತಂತೆ, ಸೇರುವಾಗ ಜನ ಬರೆದುಕೊಟ್ಟಿದ್ದ ಹೆಸರು, ನಂಬರು, ವಿಳಾಸ ಸಮೇತ. ನನಗೆ ಒಬ್ಬಳ ಹೆಸರು ಬೇಕಪ್ಪ ಎಂದೆ. ಆಪರೇಷನ್ ಏನಾಯಿತು ಎಂದು ಕೇಳಬೇಕು, ಅಷ್ಟೇ.

“ಕೊಡಂಗಿಲ್ಲ ಮಿಸ್,” ಎಂದ. “ಯಾರ್ ಎಸ್ರೂ ಯಾರ್ಗೂ ಕೊಡಲ್ಲ ಅಂತ ಪಾಲಿಸಿ ಬರ್ಕೊಟ್ಟೋರು ನೀವೇ ಅಲ್ವಾ?”

ಸಾವಿರಾರು ಜನರ ಹೆಸರನ್ನು ಒಟ್ಟಿಗೆ ಮಾರಬಹುದು, ಒಬ್ಬಳದ್ದನ್ನು ಹೇಳುವಂತಿಲ್ಲ. ಅದನ್ನೇ ಅವನಿಗೆ ಹೇಳಿದೆ. ಅವನು ಆಟೋದವನಿಗೆ ಹುಷಾರಾಗಿ ಕಟ್ಟಲಾ ಎಂದು ಕೂಗಿದ.

ಮಾರನೆಯ ದಿನ ಮಳವಳ್ಳಿ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ರೋಗಿಯ ಹೆಸರು ಕೇಳಿದರು. ಹೊರಗೆ ಬಂದೆ. ಉಪ್ಸಾರು ಎಂದಿದ್ದರೆ ಹೋಟೆಲ್ ತೋರಿಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವ ಹೆಂಗಸಿನ ಮುಂದೆ ನಿಂತು, ಬಸಳೆ ಬೆಳೆಸುವ, ಮಂಡಿನೋವಿನ, ಗಂಡ ರೇಷ್ಮೆ ಹುಳ ಸಾಕುತ್ತಿದ್ದ ಒಬ್ಬಾಕೆ ಗೊತ್ತೇ ಎಂದು ಕೇಳಿದೆ.

“ಈ ಕಡೆ ಎಲ್ರೂ ಅಂಗೇ ಕಣಮ್ಮ,” ಎಂದಳು. “ಎಸ್ರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಯಾರ್ ಮಗ್ಳು ಅಂತ್ಲೂ ಗೊತ್ತಿಲ್ಲ. ಅದ್ಯಾವ್ ಸೀಮೆ ಸ್ನೇಯ್ತ ನಿಮ್ದು?”

ಅವಳು ನನ್ನ ಮುಖ ನೋಡಿ, ಗೋಣಿಚೀಲ ಮಡಿಸಿ ಪಕ್ಕಕ್ಕೆ ಹಾಕಿ ಕುಳಿತುಕೊಳ್ಳಲು ಹೇಳಿದಳು. ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತ, “ಊಟ ಮಾಡುದ್ರಾ?” ಎಂದಳು. ತಟ್ಟನೆ ತಿರುಗಿ ಅವಳ ಮುಖ ನೋಡಿದೆ. ಆದರೆ ನಮ್ಮ ಕಡೆ ಎಲ್ಲರೂ ಹಾಗೆಯೇ ಕೇಳುವುದು... ಅವಳು ನಕ್ಕಳು, ಕೆಮ್ಮಲಿಲ್ಲ. ಅವಳಲ್ಲ.

ಆಮೇಲೂ ಎರಡು ಸಲ ಹೋದೆ. ಮೂರನೆಯ ಸಲ ಆ ಸೊಪ್ಪಿನವಳೇ ನನ್ನನ್ನು ದೂರದಿಂದ ಗುರುತು ಹಿಡಿದು, ಸಿಕ್ಕಲಿಲ್ಲ ಎಂದು ಕೈ ಆಡಿಸಿದಳು.

ಹೋದ ವಾರ ಯಾರೋ ಹಳೆಯ ಸ್ಟೂಡೆಂಟು ವಾಟ್ಸಾಪಿನಲ್ಲಿ ಅವನ ವಿಡಿಯೋ ಕಳಿಸಿದ್ದರು. ತಲೆಗೂದಲು ತೆಳ್ಳಗಾಗಿದೆ, ಕಿವಿಯ ಹತ್ತಿರ ಮೈಕು. ತನ್ನ ಮೊದಲ ಕಮ್ಯುನಿಟಿಯ ಕಥೆ ಹೇಳುತ್ತಿದ್ದ. ಮಂಡ್ಯದ ಒಬ್ಬ ವಿಧವೆ ಟೀಚರು, ಮಳವಳ್ಳಿಯ ಒಬ್ಬ ರೈತ ಮಹಿಳೆ. ದಿನಾ ಊಟವಾಯಿತೇ ಎಂದು ಕೇಳಿಕೊಳ್ಳುತ್ತಿದ್ದರು. “ಟುಡೇ ಆಲ್ಸೋ ದೇ ಆರ್ ಬೆಸ್ಟ್ ಫ್ರೆಂಡ್ಸ್,” ಎಂದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆರನೇ ಕ್ಲಾಸಿನ ನೋಟ್‌ಬುಕ್ಕು ಕಣ್ಣ ಮುಂದೆ ಬಂತು. ಪಕ್ಕದವರ ಬೆಸ್ಟ್ ಫ್ರೆಂಡನ್ನು ಇಳಿಸಿಕೊಂಡು ಅವನು ಇವತ್ತಿಗೂ ಫುಲ್ ಮಾರ್ಕ್ಸ್ ತೆಗೆದುಕೊಳ್ಳುತ್ತಿದ್ದಾನೆ. ಅವನ ಇಂಗ್ಲಿಷ್ ಮಾತ್ರ ಸುಧಾರಿಸಿಲ್ಲ. ಕಲಿಸಿದವಳು ನಾನು, ಆ ತಪ್ಪೂ ನನ್ನ ಪಾಲಿಗೇ ಬರುತ್ತದೆ.

ಅವನಿಗೆ ಒಂದು ಮೆಸೇಜು ಟೈಪ್ ಮಾಡಿದೆ. ಅವಳು ಬದುಕಿದ್ದಾಳೆ ಎಂದು ನಿನಗೆ ಹೇಗೆ ಗೊತ್ತು ಎಂದು. ಆಮೇಲೆ ಅಳಿಸಿದೆ. ಅಳಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಮಳವಳ್ಳಿಯಿಂದ ಮೂರನೆಯ ಸಲವೂ ಬರಿಗೈಯಲ್ಲಿ ಬಂದ ದಿನವೇ ನಾನು ಬೀರುವಿನಿಂದ ಈ ಟೀ ಶರ್ಟನ್ನು ತೆಗೆದು ನಾಲ್ಕು ತುಂಡು ಮಾಡಿದ್ದೆ. ಮೂರು ಸವೆದುಹೋದವು. ಇದೊಂದು ಉಳಿದಿದೆ. ಸುಟ್ಟ ಅಂಚನ್ನು ಕತ್ತರಿಯಿಂದ ಕತ್ತರಿಸಿ, ಒಳಗೆ ಮಡಿಸಿ ಹೊಲಿದೆ. ಸೂಜಿಗೆ ದಾರ ಪೋಣಿಸಲು ಕೆಲಸದಾಕೆಯನ್ನೇ ಕರೆದೆ. ಈ ಚಿಂದಿಗೆ ಹೊಲಿಗೆ ಬೇರೆಯೇ ಎಂದು ಅವಳು ಗೊಣಗಿದಳು. ಗೊಣಗುತ್ತಲೇ ಪೋಣಿಸಿಕೊಟ್ಟಳು.

ಹಾಲು ಆರಿ ಕೆನೆ ಕಟ್ಟಿತ್ತು. ಮತ್ತೆ ಒಲೆಗಿಟ್ಟೆ. ಮಳವಳ್ಳಿಯ ಯಾವುದೋ ಅಡುಗೆಮನೆಯಲ್ಲಿ ಇದರ ಜೊತೆಯ ಬಟ್ಟೆ ಇನ್ನೂ ಮೊಳೆಗೆ ನೇತಾಡುತ್ತಿದೆಯೋ, ಇಲ್ಲ ಅವಳ ಮನೆಯಲ್ಲಿ ಯಾರಾದರೂ ಎಂದೋ ಎಸೆದರೋ... ಕೆಲಸದಾಕೆಗೆ ತಿಂಡಿ ಆಯಿತೇ ಎಂದು ಕೇಳಿದೆ. ಮತ್ತೆ, ಇಷ್ಟು ದಿನ ಯಾಕೆ ಕೇಳಿರಲಿಲ್ಲವೋ, ಅವಳ ಅವ್ವನ ಹೆಸರೇನು, ಯಾವ ಊರು, ಮನೆ ಯಾವ ಬೀದಿ ಎಂದೂ ಕೇಳಿದೆ.